ಹಳೆಯ ವಾಹನ: ದುರಸ್ತಿಯೇ, ಬದಲಾವಣೆಯೇ?

ಪುಣೆಯು ವಾಹನಗಳನ್ನು ತಯಾರಿಸುವ ನಗರ. ವಾಹನಗಳನ್ನು ಸವೆಸುವ ನಗರವೂ ಹೌದು. ಆಕುರ್ಡಿಯ ಬಜಾಜ್ ಸ್ಕೂಟರು ಮತ್ತು ಆಟೋರಿಕ್ಷಾಗಳು, ಪಿಂಪ್ರಿಯ ಟಾಟಾ ಲಾರಿಗಳು ದಶಕಗಳ ಕಾಲ ದೇಶದ ಮೂಲೆಮೂಲೆಗೂ ಇಲ್ಲಿಂದ ಹೋದವು. 1998ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಇಂಡಿಕಾ ಕಾರು ಕೂಡ ಪಿಂಪ್ರಿಯಲ್ಲೇ ರೂಪುಗೊಂಡಿತು. ಅದರ ತಯಾರಿಕೆ 2018ರಲ್ಲಿ ನಿಂತುಹೋದ ಮೇಲೂ ಎರಡು ಲಕ್ಷ ಕಿಲೋಮೀಟರ್ ದಾಟಿದ ಇಂಡಿಕಾಗಳು ರಸ್ತೆಯಲ್ಲಿ ಕಾಣಸಿಗುತ್ತಿದ್ದವು. ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಭಾರತೀಯ ಆಟೋಮೋಟಿವ್ ಸಂಶೋಧನಾ ಸಂಘವು 1966ರಲ್ಲಿ ಸ್ಥಾಪನೆಗೊಂಡದ್ದು ಈ ನಗರದಲ್ಲಿಯೇ. ಸಾರಿಗೆ ಸಂಸ್ಥೆಗಳಿಗೆ ತರಬೇತಿ ಮತ್ತು ಸಲಹೆ ನೀಡುವ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆಯು ಭೋಸರಿಯಲ್ಲಿದೆ.

ಇಂತಹ ನಗರದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ವಾಹನಗಳಿಗೆ ಎರಡು ಬಗೆಯ ದುಡಿಮೆ. ವಾರದ ಆರು ದಿನ ನಗರದ ದಟ್ಟಣೆಯಲ್ಲಿ ಕ್ಲಚ್ಚು ಒತ್ತಿ ಬಿಡುವುದು. ಹಬ್ಬ, ಮದುವೆ, ಜಾತ್ರೆಗಳು ಬಂದಾಗ ಖಂಬಾಟಕಿ ಘಾಟಿಯನ್ನು ದಾಟಿ ಬೆಳಗಾವಿ, ಹುಬ್ಬಳ್ಳಿಗಳ ಕಡೆಗೋ, ಸೊಲ್ಲಾಪುರದ ಮಾರ್ಗವಾಗಿ ವಿಜಯಪುರ, ಕಲಬುರಗಿಗಳ ಕಡೆಗೋ ತುಂಬಿದ ಭಾರದೊಡನೆ ಓಡುವುದು. ಹತ್ತು ಹನ್ನೆರಡು ವರ್ಷ ಹೀಗೆ ದುಡಿದ ಕಾರು ಒಂದು ದಿನ ಗ್ಯಾರೇಜಿನಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ ಬರೆದುಕೊಟ್ಟ ಅಂದಾಜು ಪಟ್ಟಿಯ ಮೊತ್ತವು ಕಾರಿನ ಮಾರಾಟದ ಬೆಲೆಗೆ ಸಮೀಪಿಸಿರುತ್ತದೆ. ಆ ಚೀಟಿಯನ್ನು ಕೈಯಲ್ಲಿ ಹಿಡಿದ ಮಾಲೀಕರಿಗೆ ಎದುರಾಗುವ ಪ್ರಶ್ನೆಯನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೀಟರು ಹೇಳುವುದು ಮತ್ತು ಹೇಳದಿರುವುದು

ವಾಹನವು ಓಡಿದ ದೂರವನ್ನು ಅದರ ಆಯುಷ್ಯದ ಏಕೈಕ ಅಳತೆಯೆಂದು ಭಾವಿಸುವುದು ಸಾಮಾನ್ಯ. ಆದರೆ ಒಂದು ಕಿಲೋಮೀಟರಿಗೂ ಇನ್ನೊಂದು ಕಿಲೋಮೀಟರಿಗೂ ಅಂತರವಿದೆ. ಹೆದ್ದಾರಿಯಲ್ಲಿ ಸಮವೇಗದಲ್ಲಿ ಓಡಿದ ಎಂಜಿನ್ನು ತಕ್ಕ ಉಷ್ಣತೆಯಲ್ಲಿ ಕೆಲಸ ಮಾಡಿರುತ್ತದೆ. ಗೇರು ಮತ್ತು ಕ್ಲಚ್ಚಿಗೆ ಕೆಲಸ ಕಡಿಮೆ. ಅದೇ ದೂರವನ್ನು ಪೇಠೆಗಳ ಇಕ್ಕಟ್ಟಿನ ರಸ್ತೆಗಳಲ್ಲಿ ಕ್ರಮಿಸಿದ ವಾಹನದ ಎಂಜಿನ್ನು ಎರಡು ಮೂರು ಪಟ್ಟು ಹೆಚ್ಚು ಗಂಟೆಗಳ ಕಾಲ ತಿರುಗಿರುತ್ತದೆ. ಸಿಗ್ನಲ್ಲುಗಳಲ್ಲಿ ನಿಂತಾಗ ಮೀಟರು ಓಡದಿದ್ದರೂ ಎಂಜಿನ್ನು ಓಡುತ್ತಲೇ ಇರುತ್ತದೆ. ದಿನಕ್ಕೆ ಮೂರು ನಾಲ್ಕು ಕಿಲೋಮೀಟರು ಮಾತ್ರ ಓಡುವ ಕಾರಿನ ಎಂಜಿನ್ನು ಪೂರ್ಣವಾಗಿ ಬಿಸಿಯಾಗುವ ಮೊದಲೇ ಆರಿಸಲ್ಪಡುವುದರಿಂದ ಅದರ ಎಣ್ಣೆಯಲ್ಲಿ ಇಂಧನ ಮತ್ತು ನೀರಿನ ಅಂಶ ಸೇರಿಕೊಂಡು ಸವೆತ ಹೆಚ್ಚುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಒಂದೂವರೆ ಲಕ್ಷ ಕಿಲೋಮೀಟರು ಓಡಿದ ವಾಹನವು ನಗರದಲ್ಲಿ ಎಂಬತ್ತು ಸಾವಿರ ಓಡಿದ ವಾಹನಕ್ಕಿಂತ ಗಟ್ಟಿಯಾಗಿರುವುದು ಆಶ್ಚರ್ಯದ ಸಂಗತಿಯಲ್ಲ.

ವಯಸ್ಸಿನ ಪರಿಣಾಮ ಬೇರೆಯೇ ಆದುದು. ರಬ್ಬರಿನ ಕೊಳವೆಗಳು, ಸೀಲುಗಳು, ಬುಷ್‌ಗಳು, ವಿದ್ಯುತ್ ತಂತಿಗಳ ಹೊದಿಕೆ ಇವು ವಾಹನ ನಿಂತಲ್ಲೇ ನಿಂತಿದ್ದರೂ ಒಣಗಿ ಬಿರಿಯುತ್ತವೆ. ಟೈರುಗಳ ಹಲ್ಲು ಸವೆಯದಿದ್ದರೂ ಅವುಗಳ ಪಾರ್ಶ್ವದಲ್ಲಿ ಸೀಳು ಕಾಣಿಸಿಕೊಳ್ಳುತ್ತದೆ. ಟೈರಿನ ಮೇಲೆ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಅದು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರ. ಬಹುಮಂದಿ ಮಾಲೀಕರು ಇದನ್ನು ಒಮ್ಮೆಯೂ ನೋಡಿರುವುದಿಲ್ಲ.

ದಾಪೋಡಿಯ ಪಾಠ

ಮಹಾರಾಷ್ಟ್ರ ರಾಜ್ಯ ರಸ್ತೆ ಸಾರಿಗೆಯ ಮೊದಲ ಬಸ್ಸು 1948ರ ಜೂನ್ 1ರಂದು ಪುಣೆ ಮತ್ತು ಅಹಮದ್‌ನಗರಗಳ ನಡುವೆ ಓಡಿತು. ಅದೇ ಸಂಸ್ಥೆಯ ಮಧ್ಯವರ್ತಿ ಕಾರ್ಯಾಗಾರಗಳಲ್ಲೊಂದು ಪುಣೆಯ ದಾಪೋಡಿಯಲ್ಲಿದೆ. ದುರಸ್ತಿ ಹಾಗೂ ಬದಲಾವಣೆಗಳ ನಡುವಿನ ಮೂರನೆಯ ದಾರಿಯೊಂದನ್ನು ಇಲ್ಲಿ ಕಾಣಬಹುದಾಗಿತ್ತು. ಅಲ್ಯೂಮಿನಿಯಂ ಹೊದಿಕೆಯ ಹಳೆಯ ಬಸ್ಸುಗಳ ಒಡಲನ್ನು ಕಳಚಿ, ಇನ್ನೂ ಗಟ್ಟಿಯಾಗಿದ್ದ ಚಾಸಿಯ ಮೇಲೆ ಉಕ್ಕಿನ ಹೊಸ ಒಡಲನ್ನು ಕಟ್ಟುವ ಕೆಲಸವನ್ನು ಸಂಸ್ಥೆಯು ತನ್ನ ಕಾರ್ಯಾಗಾರಗಳಲ್ಲಿ ಕೈಗೊಂಡಿತು. ಎಂಜಿನ್ನು, ಗೇರ್‌ಬಾಕ್ಸು, ಚಾಸಿಗಳಿಗೆ ಆಯುಷ್ಯವಿದ್ದು ಒಡಲು ಮಾತ್ರ ಸೊರಗಿದ್ದರೆ ಇಡೀ ಬಸ್ಸನ್ನು ಗುಜರಿಗೆ ಹಾಕುವುದು ನಷ್ಟವೆಂಬುದು ಅದರ ಹಿಂದಿನ ತರ್ಕ.

ಖಾಸಗಿ ಕಾರಿನ ಮಾಲೀಕರು ಈ ಉದಾಹರಣೆಯನ್ನು ನೇರವಾಗಿ ಅನುಸರಿಸಲಾಗದು; ಏಕೆ ಆಗದು ಎಂಬುದರಲ್ಲಿಯೇ ನಿರ್ಧಾರದ ಮುಖ್ಯ ಸೂತ್ರ ಅಡಗಿದೆ. ಬಸ್ಸು ಹಾಗೂ ಲಾರಿಗಳಲ್ಲಿ ಏಣಿಯಾಕಾರದ ಉಕ್ಕಿನ ಚಾಸಿಯು ಭಾರವನ್ನು ಹೊರುತ್ತದೆ, ಒಡಲು ಅದರ ಮೇಲೆ ಕೂರುತ್ತದೆ. ಇಂದಿನ ಬಹುತೇಕ ಕಾರುಗಳಲ್ಲಿ ಪ್ರತ್ಯೇಕ ಚಾಸಿಯೇ ಇಲ್ಲ. ಒತ್ತಿ ಬೆಸೆದ ಉಕ್ಕಿನ ತಗಡುಗಳ ಒಡಲೇ ಚಾಸಿಯ ಕೆಲಸವನ್ನೂ ಮಾಡುತ್ತದೆ. ಹೀಗಾಗಿ ಬಸ್ಸಿಗೆ ತುಕ್ಕು ಹಿಡಿದರೆ ಅಂಗಿ ಹರಿದಂತೆ. ಕಾರಿನ ಮೂಲ ಒಡಲಿಗೆ ತುಕ್ಕು ಹಿಡಿದರೆ ಬೆನ್ನುಮೂಳೆ ಸವೆದಂತೆ.

ಎಂಜಿನ್ನಿನ ಪಿಸ್ಟನ್ ರಿಂಗುಗಳು, ಕ್ಲಚ್ ಪ್ಲೇಟು, ಶಾಕ್ ಅಬ್ಸಾರ್ಬರ್, ರೇಡಿಯೇಟರು, ಆಲ್ಟರ್ನೇಟರು, ಸ್ಟೀರಿಂಗಿನ ಸಂದುಗಳು ಎಲ್ಲವೂ ಸವೆಯಲೆಂದೇ ನಿರ್ಮಾಣವಾದ, ಬದಲಿಸಬಹುದಾದ ಭಾಗಗಳು. ಬಳಕೆಯಲ್ಲಿರುವ ಮಾದರಿಯಾದರೆ ನಾನಾ ಪೇಠದ ಬಿಡಿಭಾಗಗಳ ಅಂಗಡಿಗಳಲ್ಲಿ ಇವು ದೊರೆಯುತ್ತವೆ. ಆದರೆ ಬಾಗಿಲುಗಳ ಕೆಳಗಿನ ಪಟ್ಟಿ, ಮುಂಭಾಗದ ಶಾಕ್ ಅಬ್ಸಾರ್ಬರುಗಳು ಕೂರುವ ಗೋಪುರ, ಹಿಂದಿನ ಆಕ್ಸಲು ಜೋಡಣೆಗೊಳ್ಳುವ ಜಾಗ, ನೆಲದ ತಗಡು ಇವುಗಳಲ್ಲಿ ತುಕ್ಕು ಒಳಹೊಕ್ಕಿದ್ದರೆ ತೇಪೆ ಹಾಕಿ ಬಣ್ಣ ಬಳಿಯುವುದರಿಂದ ರೂಪ ಬರುತ್ತದೆಯೇ ಹೊರತು ಬಲ ಬರುವುದಿಲ್ಲ. ಕೊಂಕಣದ ಕಡಲತೀರದಲ್ಲಿ ವರ್ಷಗಟ್ಟಲೆ ಇದ್ದು ಬಂದ ವಾಹನ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬಯಲಲ್ಲೇ ನಿಲ್ಲುವ ವಾಹನ, ಪ್ರವಾಹದ ನೀರಿನಲ್ಲಿ ಮುಳುಗಿ ಎದ್ದ ವಾಹನ ಇವುಗಳ ತಳಭಾಗವನ್ನು ಲಿಫ್ಟಿನ ಮೇಲೆ ಎತ್ತಿಸಿ ನೋಡದೆ ದೊಡ್ಡ ದುರಸ್ತಿಗೆ ಹಣ ಹಾಕುವುದು ಅವಿವೇಕ. ಬಹಳಷ್ಟು ಸಂದರ್ಭಗಳಲ್ಲಿ ಈ ಅರ್ಧ ಗಂಟೆಯ ಪರೀಕ್ಷೆಯೇ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತದೆ.

ರೋಗನಿರ್ಣಯ ಮೊದಲು

ಎಂಜಿನ್ನು ಬಿಚ್ಚಬೇಕು ಎಂಬ ಮಾತನ್ನು ಕೇಳಿದೊಡನೆ ಒಪ್ಪಿಗೆ ನೀಡಬೇಕಾಗಿಲ್ಲ, ವಾಹನವನ್ನು ಮಾರಲು ಓಡಬೇಕಾಗಿಯೂ ಇಲ್ಲ. ಸೈಲೆನ್ಸರಿನಿಂದ ಬರುವ ಹೊಗೆಯ ಬಣ್ಣವೇ ಬಹಳಷ್ಟನ್ನು ತಿಳಿಸುತ್ತದೆ. ಕಪ್ಪು ಹೊಗೆ ಇಂಧನ ಪೂರ್ಣವಾಗಿ ಉರಿಯುತ್ತಿಲ್ಲವೆಂಬುದರ ಸೂಚನೆ; ಏರ್ ಫಿಲ್ಟರ್ ಅಥವಾ ಇಂಜೆಕ್ಟರುಗಳ ಶುದ್ಧಿಯಿಂದ ಅದು ಸರಿಹೋಗಬಹುದು. ನೀಲಿ ಛಾಯೆಯ ಹೊಗೆ ಎಂಜಿನ್ನು ತನ್ನ ಎಣ್ಣೆಯನ್ನೇ ಸುಡುತ್ತಿರುವುದರ ಗುರುತು. ಬಿಸಿಯಾದ ನಂತರವೂ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದು, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೂಲಕ ನೀರು ಒಳನುಗ್ಗುತ್ತಿರುವ ಸಂಭವವಿದೆ.

ನೀಲಿ ಹೊಗೆಯನ್ನು ಕಂಡೊಡನೆ ರಿಬೋರ್ ಮಾಡಿಸಬೇಕೆಂದು ಹೇಳುವವರಿದ್ದಾರೆ. ವಾಲ್ವುಗಳ ಮೇಲಿನ ಚಿಕ್ಕ ರಬ್ಬರ್ ಸೀಲುಗಳು ಗಡುಸಾದಾಗಲೂ ಇದೇ ಹೊಗೆ ಬರುತ್ತದೆ. ಆ ದುರಸ್ತಿಯ ವೆಚ್ಚ ರಿಬೋರಿನ ವೆಚ್ಚದ ಒಂದು ಸಣ್ಣ ಅಂಶ ಮಾತ್ರ. ಎರಡನ್ನೂ ಬೇರ್ಪಡಿಸಿ ತಿಳಿಯಲು ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆಯಿದೆ. ಎಲ್ಲ ಸಿಲಿಂಡರುಗಳ ಒತ್ತಡವೂ ಸಮವಾಗಿದ್ದು ತಯಾರಕರು ಸೂಚಿಸಿದ ಮಟ್ಟಕ್ಕೆ ಹತ್ತಿರವಿದ್ದರೆ ಎಂಜಿನ್ನಿನ ಒಳಭಾಗ ಸುಸ್ಥಿತಿಯಲ್ಲಿದೆ. ಒಂದು ಸಿಲಿಂಡರಿನಲ್ಲಿ ಮಾತ್ರ ಒತ್ತಡ ಕುಸಿದಿದ್ದರೆ ಆ ಸಿಲಿಂಡರಿಗೆ ಕೆಲವು ಹನಿ ಎಣ್ಣೆ ಹಾಕಿ ಮತ್ತೊಮ್ಮೆ ಅಳೆಯಲಾಗುತ್ತದೆ. ಒತ್ತಡ ಏರಿದರೆ ದೋಷ ರಿಂಗುಗಳಲ್ಲಿ, ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್ಟಿನಲ್ಲಿ ಎಂದು ತಿಳಿಯಬಹುದು. ಇಂತಹ ಪರೀಕ್ಷೆಯ ಅಂಕಿಗಳನ್ನು ಬರಹದಲ್ಲಿ ಕೇಳುವುದು ಮಾಲೀಕರ ಹಕ್ಕು. ಮೊತ್ತ ದೊಡ್ಡದಾಗಿದ್ದಲ್ಲಿ ಎರಡನೆಯ ಗ್ಯಾರೇಜಿನ ಅಭಿಪ್ರಾಯ ಪಡೆಯುವುದರಿಂದ ಮೊದಲಿನವರಿಗೆ ಅವಮಾನವಾಗುವುದಿಲ್ಲ.

ಅಂದಾಜು ಪಟ್ಟಿ ದೊರೆತ ಮೇಲೆ ಅದನ್ನು ವಿಂಗಡಿಸಬೇಕು. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡುಗಳಂತಹವು ಯಾವ ವಾಹನಕ್ಕಾದರೂ ಬರುವ ವೆಚ್ಚ. ಹೊಸದನ್ನು ಕೊಂಡರೂ ಮೂರು ನಾಲ್ಕು ವರ್ಷಗಳಲ್ಲಿ ಅವು ಬಂದೇ ಬರುತ್ತವೆ. ಇವುಗಳನ್ನು ಹಳೆಯ ವಾಹನದ ತಪ್ಪೆಂದು ಎಣಿಸುವುದು ನ್ಯಾಯವಲ್ಲ.

ಮೂಗು ಮತ್ತು ಮೂಗುತಿ

ದುರಸ್ತಿಯ ವೆಚ್ಚ ವಾಹನದ ಬೆಲೆಯ ಅರ್ಧವನ್ನು ಮೀರಿದರೆ ಮಾರಿಬಿಡಬೇಕು ಎಂಬ ನಿಯಮವೊಂದು ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಮೂಗಿಗಿಂತ ಮೂಗುತಿ ಭಾರವಾಗಬಾರದೆಂಬ ಗಾದೆಯೂ ಅದಕ್ಕೆ ಬೆಂಬಲವಾಗಿದೆ. ಕೇಳಲು ಸಮಂಜಸವಾಗಿರುವ ಈ ನಿಯಮವು ತಪ್ಪು ವಸ್ತುಗಳನ್ನು ಹೋಲಿಸುತ್ತದೆ. ಮಾಲೀಕರ ಮುಂದಿರುವ ಆಯ್ಕೆ ದುರಸ್ತಿಯ ವೆಚ್ಚ ಮತ್ತು ಹಳೆಯ ವಾಹನದ ಬೆಲೆಗಳ ನಡುವಿನದಲ್ಲ. ದುರಸ್ತಿಗೊಂಡ ವಾಹನವನ್ನು ಮುಂದಿನ ಕೆಲವು ವರ್ಷ ಓಡಿಸುವ ವೆಚ್ಚ ಮತ್ತು ಬೇರೆ ವಾಹನವನ್ನು ಅಷ್ಟೇ ವರ್ಷ ಓಡಿಸುವ ವೆಚ್ಚಗಳ ನಡುವಿನದು.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಹಡಪಸರದ ಕುಟುಂಬವೊಂದರ ಪೆಟ್ರೋಲ್ ಕಾರು 12 ವರ್ಷಗಳಲ್ಲಿ 1,70,000 ಕಿಲೋಮೀಟರು ಓಡಿದೆ. ವರ್ಷಕ್ಕೆ 10,000 ಕಿಲೋಮೀಟರು ಓಡಾಟ. ದುರಸ್ತಿಗೆ 90,000 ರೂಪಾಯಿ ಬೇಕು. ಇದ್ದ ಸ್ಥಿತಿಯಲ್ಲಿ ಮಾರಿದರೆ 60,000 ರೂಪಾಯಿ ಬರುತ್ತದೆ. ದುರಸ್ತಿ ಮಾಡಿಸಿ ಮೂರು ವರ್ಷ ಓಡಿಸಿ ಮಾರಿದರೆ 40,000 ಬರಬಹುದು. ಆ ಮೂರು ವರ್ಷಗಳಲ್ಲಿ ವರ್ಷಕ್ಕೆ 30,000ದಂತೆ ಸರ್ವಿಸು ಹಾಗೂ ಇತರ ರಿಪೇರಿಗಳನ್ನು ಸೇರಿಸೋಣ. ದುರಸ್ತಿಯ 90,000, ಬೆಲೆಯ ಇಳಿತ 20,000, ನಂತರದ ರಿಪೇರಿ 90,000: ಒಟ್ಟು 2,00,000 ರೂಪಾಯಿ.

ಇದಕ್ಕೆ ಬದಲಾಗಿ 7,00,000 ರೂಪಾಯಿಯ ಹೊಸ ಕಾರನ್ನು ಕೊಂಡರೆ ಮೂರು ವರ್ಷಗಳ ನಂತರ ಅದರ ಬೆಲೆ 4,30,000ಕ್ಕೆ ಇಳಿಯಬಹುದು, ನಷ್ಟ 2,70,000. ಸರ್ವಿಸಿಗೆ 24,000. ವಿಮೆಯ ಹೆಚ್ಚುವರಿ ಕಂತು ವರ್ಷಕ್ಕೆ 15,000ದಂತೆ 45,000. ಹಳೆಯದನ್ನು ಮಾರಿ ಬಂದ ಹಣ ಕಳೆದು ಹೂಡಿದ 6,40,000 ರೂಪಾಯಿಗೆ ಶೇಕಡಾ 7ರ ಸರಳ ಬಡ್ಡಿ ಮೂರು ವರ್ಷಕ್ಕೆ ಸುಮಾರು 1,34,000. ಸ್ವಂತ ಹಣವಾದರೂ ಈ ಬಡ್ಡಿಯನ್ನು ಎಣಿಸಲೇಬೇಕು. ಬ್ಯಾಂಕಿನಲ್ಲಿಟ್ಟಿದ್ದರೆ ಬರುತ್ತಿದ್ದ ಹಣವದು. ಒಟ್ಟು 4,73,000. ಹಳೆಯದು ಲೀಟರಿಗೆ 12, ಹೊಸದು 18 ಕಿಲೋಮೀಟರು ಓಡುತ್ತದೆಂದೂ, ಲೆಕ್ಕದ ಸುಲಭಕ್ಕಾಗಿ ಪೆಟ್ರೋಲಿನ ಬೆಲೆ 100 ರೂಪಾಯಿಯೆಂದೂ ಇಟ್ಟುಕೊಂಡರೆ ಇಂಧನದ ಉಳಿತಾಯ 83,000. ಅದನ್ನು ಕಳೆದರೂ ಹೊಸ ಕಾರಿನ ಹೊರೆ 3,90,000 ರೂಪಾಯಿ. ದುರಸ್ತಿಯ ಹೊರೆಯ ಹೆಚ್ಚುಕಡಿಮೆ ಎರಡರಷ್ಟು. ದುರಸ್ತಿಯ ವೆಚ್ಚವು ಕಾರಿನ ಬೆಲೆಯನ್ನೇ ಮೀರಿದ್ದರೂ ಲೆಕ್ಕವು ದುರಸ್ತಿಯ ಕಡೆಗೇ ವಾಲುತ್ತದೆ.

ಅದೇ ಕಾರು ವರ್ಷಕ್ಕೆ 30,000 ಕಿಲೋಮೀಟರು ಓಡುವ ಬಾಡಿಗೆ ವಾಹನವಾಗಿದ್ದರೆ ಚಿತ್ರ ತಿರುವುಮುರುವಾಗುತ್ತದೆ. ಹಳೆಯದರ ವಾರ್ಷಿಕ ರಿಪೇರಿ 75,000ಕ್ಕೆ ಏರಿದರೆ ಮೂರು ವರ್ಷದ ಒಟ್ಟು ವೆಚ್ಚ 3,35,000. ಹೊಸದರ ಬೆಲೆಯ ಇಳಿತ 3,30,000, ಸರ್ವಿಸು 60,000, ವಿಮೆ 45,000, ಬಡ್ಡಿ 1,34,000 ಸೇರಿ 5,69,000. ಆದರೆ ಇಂಧನದ ಉಳಿತಾಯ 2,50,000. ಉಳಿಯುವುದು 3,19,000. ಇದರ ಮೇಲೆ ವಾಹನ ಗ್ಯಾರೇಜಿನಲ್ಲಿ ನಿಂತ ದಿನಗಳ ಸಂಪಾದನೆಯ ನಷ್ಟವನ್ನೂ ಎಣಿಸಿದರೆ ಟ್ಯಾಕ್ಸಿ ಮಾಲೀಕರಿಗೆ ಬದಲಾವಣೆಯೇ ಹಿತ. ಹೆಚ್ಚು ಓಡುವವರಿಗೆ ಹೊಸದು, ಕಡಿಮೆ ಓಡುವವರಿಗೆ ಹಳೆಯದು ಲಾಭಕರವೆಂಬ ಈ ಫಲಿತಾಂಶವು ಜನರ ರೂಢಿಗೆ ವಿರುದ್ಧವಾದುದು. ರೂಢಿಯಲ್ಲಿ ಹೊಸ ಕಾರನ್ನು ಕೊಳ್ಳುವವರು ಭಾನುವಾರ ಮಾತ್ರ ಓಡಿಸುವವರು. ಸವೆದ ಕಾರನ್ನು ದುಡಿಸುವವರು ದಿನವೂ ಓಡಿಸುವವರು.

ಅಂಕಿಗಳು ಪ್ರತಿಯೊಬ್ಬರಿಗೂ ಬೇರೆಯಾಗುತ್ತವೆ, ಕ್ರಮ ಮಾತ್ರ ಇದೇ. ಎರಡು ಎಚ್ಚರಿಕೆಗಳು ಅವಶ್ಯ. ಹೊಸ ವಾಹನದ ಮೈಲೇಜನ್ನು ಜಾಹೀರಾತಿನ ಅಂಕಿಯಿಂದ ತೆಗೆದುಕೊಳ್ಳಬಾರದು. ಪ್ರಮಾಣೀಕೃತ ಮೈಲೇಜು ಪ್ರಯೋಗಾಲಯದ ರೋಲರುಗಳ ಮೇಲೆ ನಿಗದಿತ ವೇಗಕ್ರಮದಲ್ಲಿ ಅಳೆದದ್ದು. ಎರಡು ವಾಹನಗಳನ್ನು ಹೋಲಿಸಲು ಅದು ಉಪಯುಕ್ತ, ಸ್ವಾರ್‌ಗೇಟಿನ ಸಂಜೆಯ ದಟ್ಟಣೆಯಲ್ಲಿ ಅದು ದೊರೆಯುವುದಿಲ್ಲ. ಎರಡನೆಯದಾಗಿ, ಕಳೆದ ವರ್ಷ ಮಾಡಿಸಿದ ಕ್ಲಚ್ಚಿನ ಖರ್ಚನ್ನು ಈ ಲೆಕ್ಕಕ್ಕೆ ತರಬಾರದು. ಇಷ್ಟೊಂದು ಹಣ ಹಾಕಿದ್ದೇವೆ, ಈಗ ಬಿಡುವುದು ಹೇಗೆ ಎಂಬ ಸಂಕಟ ಸಹಜವಾದರೂ ಆ ಹಣ ಉಳಿಸಿಕೊಂಡರೂ ಮರಳದು, ಮಾರಿದರೂ ಮರಳದು.

ಹೊಸದರ ಬೆಲೆಯ ಇಳಿತ ಎಷ್ಟು ತೀವ್ರವೆಂಬುದನ್ನು ವಿಮೆಯ ಕೋಷ್ಟಕವೇ ತೋರಿಸುತ್ತದೆ. ವಿಮಾ ಮೌಲ್ಯವನ್ನು ಮೊದಲ ವರ್ಷದ ಕೊನೆಗೆ ಶೇಕಡಾ 15ರಷ್ಟು, ಐದನೆಯ ವರ್ಷದ ಕೊನೆಗೆ ಶೇಕಡಾ 50ರಷ್ಟು ಕಡಿತಗೊಳಿಸುವುದು ವಾಡಿಕೆ. ಆದ್ದರಿಂದ ನಾಲ್ಕೈದು ವರ್ಷ ಬಳಸಿದ, ಸರ್ವಿಸಿನ ದಾಖಲೆಗಳುಳ್ಳ ವಾಹನವನ್ನು ಕೊಳ್ಳುವುದು ಮಧ್ಯಮವರ್ಗದ ಕುಟುಂಬಕ್ಕೆ ಗಂಭೀರವಾಗಿ ಪರಿಗಣಿಸತಕ್ಕ ಮೂರನೆಯ ಆಯ್ಕೆ. ಹೊಸದನ್ನೇ ಬಯಸುವವರಿಗೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದುದರಿಂದ ಸ್ವಲ್ಪ ಅನುಕೂಲವಾಗಿದೆ.

ಲೆಕ್ಕಕ್ಕೆ ಸಿಗದ ಭಾಗ

ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಬೆಂಗಳೂರು ಕಡೆಯಿಂದ ಪುಣೆಗೆ ಬರುವ ಪ್ರತಿಯೊಬ್ಬರಿಗೂ ಪರಿಚಿತ. 2022ರ ನವೆಂಬರ್ 20ರ ರಾತ್ರಿ ಇಲ್ಲಿ ಭಾರಿ ಸರಕು ವಾಹನವೊಂದು ನಿಯಂತ್ರಣ ತಪ್ಪಿ ನುಗ್ಗಿದಾಗ ಸುಮಾರು 48 ವಾಹನಗಳು ಜಖಂಗೊಂಡವು. 2025ರ ನವೆಂಬರ್ 13ರಂದು ಅದೇ ಆಸುಪಾಸಿನಲ್ಲಿ ಸಂಭವಿಸಿದ ಅಪಘಾತ ಮತ್ತು ಬೆಂಕಿಯಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಉದ್ದನೆಯ ಇಳಿಜಾರಿನಲ್ಲಿ ಇಂಧನ ಉಳಿಸಲು ಗೇರನ್ನು ನ್ಯೂಟ್ರಲಿಗೆ ತಂದರೆ ಎಂಜಿನ್ನಿನ ತಡೆ ಇಲ್ಲವಾಗಿ ಇಡೀ ಭಾರ ಬ್ರೇಕುಗಳ ಮೇಲೆ ಬೀಳುತ್ತದೆ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಹಳೆಯದಾದಂತೆ ಅದರ ಕುದಿಬಿಂದು ತಗ್ಗುತ್ತದೆ. ಕಾದ ಬ್ರೇಕಿನಲ್ಲಿ ಆ ದ್ರವ ಕುದಿದು ಆವಿಯಾದರೆ ಪೆಡಲು ನೆಲಮುಟ್ಟುತ್ತದೆ, ವಾಹನ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ದ್ರವವು ಎಷ್ಟೋ ಹಳೆಯ ವಾಹನಗಳಲ್ಲಿ ಎಂಟು ಹತ್ತು ವರ್ಷಗಳಿಂದ ಹಾಗೆಯೇ ಇರುತ್ತದೆ.

ಹೀಗಾಗಿ ವಾಹನವನ್ನು ಉಳಿಸಿಕೊಳ್ಳುವ ನಿರ್ಧಾರ ಮಾಡಿದವರು ಮೊದಲ ಹಣವನ್ನು ಬ್ರೇಕು, ಟೈರು, ಸ್ಟೀರಿಂಗು ಮತ್ತು ದೀಪಗಳಿಗೆ ಹಾಕಬೇಕು; ಎಂಜಿನ್ನು ಆಮೇಲೆ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಎಂಜಿನ್ನು ಕೆಟ್ಟರೆ ವಾಹನ ರಸ್ತೆಬದಿಯಲ್ಲಿ ನಿಲ್ಲುತ್ತದೆ. ಬ್ರೇಕು ಕೆಟ್ಟರೆ ನಿಲ್ಲುವುದಿಲ್ಲ.

ದುರಸ್ತಿಯಿಂದ ಸೇರಿಸಲಾಗದ ಸುರಕ್ಷತೆಯೂ ಇದೆ. ಚಾಲಕನ ಏರ್‌ಬ್ಯಾಗು ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2019ರಲ್ಲಿ. ಪಕ್ಕದ ಆಸನದ ಏರ್‌ಬ್ಯಾಗು 2021ರಲ್ಲಿ. ಚಕ್ರಗಳು ಜಾಮ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ ಎಲ್ಲ ಹೊಸ ಕಾರುಗಳಿಗೂ ಅನ್ವಯವಾದದ್ದು 2019ರ ಏಪ್ರಿಲ್‌ನಿಂದ. ಮುಂಭಾಗದ ಡಿಕ್ಕಿಯ ಪರೀಕ್ಷೆ ಹೊಸ ಮಾದರಿಗಳಿಗೆ 2017ರಲ್ಲಿ, ಉಳಿದವುಗಳಿಗೆ 2019ರಲ್ಲಿ ಜಾರಿಗೆ ಬಂತು. ಅದಕ್ಕೆ ಮುಂಚಿನ ಅಗ್ಗದ ಮಾದರಿಗಳಲ್ಲಿ ಇವು ಯಾವುವೂ ಇಲ್ಲದಿರುವುದೇ ಹೆಚ್ಚು. ಮನೆಯಿಂದ ಮಾರುಕಟ್ಟೆಗೆ ಹೋಗುವ ಕಾರಿಗೆ ಇದು ಅಷ್ಟಾಗಿ ಬಾಧಕವಾಗದಿರಬಹುದು. ಮಕ್ಕಳನ್ನೂ ವೃದ್ಧರನ್ನೂ ಕೂರಿಸಿಕೊಂಡು ತಿಂಗಳಿಗೊಮ್ಮೆ ರಾತ್ರಿಯ ಹೆದ್ದಾರಿಯಲ್ಲಿ ಊರಿಗೆ ಹೋಗುವ ಕುಟುಂಬವು ಮೇಲಿನ ರೂಪಾಯಿ ಲೆಕ್ಕವನ್ನು ಬದಿಗಿಟ್ಟು ಬದಲಾವಣೆಯನ್ನು ಆರಿಸಿಕೊಂಡರೆ ಅದನ್ನು ದುಂದುವೆಚ್ಚವೆನ್ನಲಾಗದು.

ಕಾನೂನಿನ ಗಡಿಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಖಾಸಗಿ ವಾಹನದ ನೋಂದಣಿಯು 15 ವರ್ಷಗಳ ಕಾಲ ಸಿಂಧುವಾಗಿರುತ್ತದೆ. ಆ ಬಳಿಕ ತಪಾಸಣೆಗೊಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಬಹುದು. ನಮೂನೆ 25ರಲ್ಲಿನ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ 60 ದಿನಗಳ ಒಳಗಾಗಿ ಸಲ್ಲಿಸಬೇಕು. ಪುಣೆಯ ಪ್ರಾದೇಶಿಕ ಸಾರಿಗೆ ಕಚೇರಿ ಸಂಗಮ್ ಸೇತುವೆಯ ಬಳಿಯಲ್ಲಿದೆ. ಪಿಂಪ್ರಿ-ಚಿಂಚವಾಡದ ವಾಹನಗಳಿಗೆ ಪ್ರತ್ಯೇಕ ಕಚೇರಿಯಿದೆ. ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂಪಾಯಿಗಳಿಂದ 5,000ಕ್ಕೆ, ದ್ವಿಚಕ್ರ ವಾಹನದ್ದನ್ನು 300ರಿಂದ 1,000ಕ್ಕೆ ಏರಿಸಲಾಯಿತು. 20 ವರ್ಷ ಮೀರಿದ ವಾಹನಗಳ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ಮತ್ತೆ ಹೆಚ್ಚಿಸಿ ಕಾರಿಗೆ 10,000, ದ್ವಿಚಕ್ರಕ್ಕೆ 2,000 ಎಂದು ನಿಗದಿಪಡಿಸಲಾಯಿತು. ಮಹಾರಾಷ್ಟ್ರದಲ್ಲಿ 15 ವರ್ಷ ಮೀರಿದ ಖಾಸಗಿ ವಾಹನಗಳಿಗೆ ಪರಿಸರ ತೆರಿಗೆಯೂ ಉಂಟು. ಹದಿನಾಲ್ಕನೆಯ ವರ್ಷದಲ್ಲಿ ದೊಡ್ಡ ದುರಸ್ತಿಗೆ ಕೈಹಾಕುವವರು ಈ ಮೊತ್ತಗಳನ್ನು ಮೊದಲೇ ಕೂಡಿಸಿಕೊಳ್ಳಬೇಕು. ಬಾಡಿಗೆ ವಾಹನಗಳಿಗಾದರೋ ಎಂಟು ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ ಯೋಗ್ಯತಾ ಪ್ರಮಾಣಪತ್ರ ಅಗತ್ಯ.

15 ವರ್ಷವಾದೊಡನೆ ವಾಹನವನ್ನು ಸರಕಾರ ವಶಪಡಿಸಿಕೊಳ್ಳುತ್ತದೆಂಬ ವದಂತಿಯನ್ನು ನಂಬಿ ಸುಸ್ಥಿತಿಯ ಕಾರನ್ನು ಅಗ್ಗಕ್ಕೆ ಮಾರಿಕೊಂಡವರುಂಟು. ದೆಹಲಿ ರಾಜಧಾನಿ ವಲಯದ ಹಳೆಯ ಡೀಸೆಲ್ ಮತ್ತು ಪೆಟ್ರೋಲ್ ವಾಹನಗಳ ಬಗೆಗಿನ ಆದೇಶಗಳು ಆ ವಲಯಕ್ಕೆ ಸಂಬಂಧಿಸಿದವು. ಪುಣೆಗೆ ಅವು ಅನ್ವಯಿಸುವುದಿಲ್ಲ. 2021ರ ಆಗಸ್ಟ್ 13ರಂದು ಪ್ರಕಟವಾದ ರಾಷ್ಟ್ರೀಯ ವಾಹನ ಗುಜರಿ ನೀತಿಯು ಖಾಸಗಿ ವಾಹನಗಳ ವಿಷಯದಲ್ಲಿ ವಯಸ್ಸಿಗಿಂತ ಯೋಗ್ಯತೆಗೆ ಪ್ರಾಧಾನ್ಯ ನೀಡುತ್ತದೆ. ಕಟ್ಟುನಿಟ್ಟಾದ ವಯೋಮಿತಿ ಇರುವುದು ಸರಕಾರದ ಸ್ವಂತ ವಾಹನಗಳಿಗೆ. ಅವುಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ 15 ವರ್ಷದ ಬಳಿಕ ನವೀಕರಿಸಲಾಗುವುದಿಲ್ಲ. ಸಾರಿಗೆ ನಿಗಮಗಳ ಬಸ್ಸುಗಳೂ ಇದರಲ್ಲಿ ಸೇರಿವೆ. ದಾಪೋಡಿಯಲ್ಲಿ ಎಷ್ಟು ಚೆನ್ನಾಗಿ ಒಡಲು ಕಟ್ಟಿದ್ದರೂ ಅದಕ್ಕೆ ವಿನಾಯಿತಿಯಿಲ್ಲ.

ಕೆಎ 22, ಕೆಎ 28, ಕೆಎ 32 ಸಂಖ್ಯೆಗಳ ಕಾರುಗಳನ್ನು ಊರಿನಿಂದ ತಂದು ಪುಣೆಯಲ್ಲಿ ಓಡಿಸುತ್ತಿರುವವರಿಗೆ ಇನ್ನೊಂದು ಅಂಶ ಮುಖ್ಯ. ಹನ್ನೆರಡು ತಿಂಗಳಿಗೂ ಮೀರಿ ಬೇರೆ ರಾಜ್ಯದಲ್ಲಿ ಇರಿಸಿಕೊಂಡ ವಾಹನಕ್ಕೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕೆಂಬುದು ಅಧಿನಿಯಮದ ವಿಧಿ. ಅದಕ್ಕಾಗಿ ಮೂಲ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಮಹಾರಾಷ್ಟ್ರದ ತೆರಿಗೆಯ ಪಾವತಿ, ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯ ಮರುಪಾವತಿಗೆ ಅರ್ಜಿ ಇವೆಲ್ಲ ಆಗಬೇಕು. ಇನ್ನೆರಡು ವರ್ಷ ಮಾತ್ರ ಬಾಳುವ ಕಾರಿಗೆ ಈ ತೆರಿಗೆ ತೆತ್ತು ಓಡಾಡುವುದಕ್ಕಿಂತ ಅದನ್ನು ಊರಿನಲ್ಲಿಯೇ ಮಾರಿ ಪುಣೆಯಲ್ಲಿ ಬೇರೆಯದನ್ನು ಕೊಳ್ಳುವುದು ಸುಲಭವಾಗಬಹುದು.

ಹಳೆಯ ಎಂಜಿನ್ನು, ಹೊಸ ಇಂಧನ

ಹೊಗೆಯ ನಿಯಮಗಳಲ್ಲಿ ಪುಣೆ ಸದಾ ದೇಶದ ಮುಂಚೂಣಿಯ ನಗರಗಳಲ್ಲಿದೆ. ಭಾರತ್ ಹಂತ 4ರ ಮಾನಕವು ಇಲ್ಲಿಗೆ 2010ರಲ್ಲಿಯೇ ಬಂತು, ದೇಶಾದ್ಯಂತ 2017ರಲ್ಲಿ. ಹಂತ 6 ಎಲ್ಲೆಡೆಯೂ 2020ರ ಏಪ್ರಿಲ್ 1ರಿಂದ. 2010ಕ್ಕೆ ಮುಂಚಿನ ವಾಹನ ಎಷ್ಟೇ ದುರಸ್ತಿಗೊಂಡರೂ ಇಂದಿನ ಮಾನಕವನ್ನು ಮುಟ್ಟದು, ತನ್ನ ಕಾಲದ ಮಾನಕಕ್ಕೆ ಮಾತ್ರ ಮರಳಬಲ್ಲದು.

ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ತಲುಪಿತು. 2021ರ ಜೂನ್‌ನಲ್ಲಿ ಪ್ರಕಟವಾದ ಸರಕಾರದ ಮಾರ್ಗಸೂಚಿಯು, ಮೂಲತಃ ಎಥನಾಲ್‌ರಹಿತ ಪೆಟ್ರೋಲಿಗೆ ರಚಿಸಿ ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಇಂಧನದಕ್ಷತೆಯು ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ಹಳೆಯ ವಾಹನವನ್ನು ಉಳಿಸಿಕೊಳ್ಳುವವರು ಇಂಧನ ಕೊಳವೆ, ಗ್ಯಾಸ್ಕೆಟ್ಟು, ಸೀಲುಗಳನ್ನು ಈ ಮಿಶ್ರಣಕ್ಕೆ ತಾಳುವ ಬಿಡಿಭಾಗಗಳಿಂದ ಬದಲಿಸಿಕೊಳ್ಳುವುದು ಲೇಸು. ದೊಡ್ಡ ವೆಚ್ಚವಲ್ಲ, ಆದರೆ ಬಿರಿದ ಕೊಳವೆಯಿಂದ ಸೋರುವ ಪೆಟ್ರೋಲು ಬೆಂಕಿಗೆ ಆಹ್ವಾನ.

ಇಂಧನದ ಖರ್ಚಿಗೆ ಹೆದರಿ ಸವೆದ ಎಂಜಿನ್ನಿಗೆ ಸಿ.ಎನ್.ಜಿ. ಕಿಟ್ ಅಳವಡಿಸುವ ಪರಿಪಾಠವೂ ಇದೆ. ಒತ್ತಡ ಕುಸಿದ ಎಂಜಿನ್ನು ಅನಿಲದಲ್ಲಿ ಇನ್ನಷ್ಟು ನಿಶ್ಶಕ್ತವಾಗುತ್ತದೆ. ಸವೆದ ವಾಲ್ವುಗಳು ಬೇಗ ಸುಡುತ್ತವೆ. ಕಿಟ್ಟು ಮಾನ್ಯತೆ ಪಡೆದುದಾಗಿದ್ದು, ನೋಂದಣಿ ಪತ್ರದಲ್ಲಿ ನಮೂದಾಗಿರಬೇಕು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ನೀರೊತ್ತಡದ ಪರೀಕ್ಷೆಗೆ ಒಳಪಡಿಸಬೇಕು. ಎಂಜಿನ್ನು ಗಟ್ಟಿಯಾಗಿದ್ದರೆ ಮಾತ್ರ ಇದು ಯೋಗ್ಯ ಹೂಡಿಕೆ.

ಬೀಳ್ಕೊಡುವಾಗ

ಮಾರುವುದಾದರೆ ವಾಹನದೊಡನೆ ಕಾಗದಗಳೂ ಕೈಬದಲಾಗಬೇಕು. ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿ ಮಧ್ಯವರ್ತಿಯ ಕೈಗಿತ್ತು ಮರೆಯುವ ಮಾಲೀಕರು, ವರ್ಗಾವಣೆ ದಾಖಲಾಗುವವರೆಗೆ ಕಾನೂನಿನ ದೃಷ್ಟಿಯಲ್ಲಿ ತಾವೇ ಮಾಲೀಕರೆಂಬುದನ್ನು ಅಪಘಾತದ ನೋಟಿಸು ಬಂದ ದಿನ ತಿಳಿದುಕೊಳ್ಳುತ್ತಾರೆ.

ಗುಜರಿಗೆ ಹಾಕುವುದಾದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸುವುದು ಉಚಿತ. ಬೀದಿಯ ಗುಜರಿಯವರು ನೂರಾರು ರೂಪಾಯಿ ಹೆಚ್ಚು ಕೊಟ್ಟರೂ, ಒಡೆದ ಕಾರಿನ ಚಾಸಿ ಸಂಖ್ಯೆ ಕಳವಾದ ಇನ್ನೊಂದು ಕಾರಿನ ಮೇಲೆ ಕಾಣಿಸಿಕೊಳ್ಳದೆಂಬ ಭರವಸೆಯಿಲ್ಲ. ಬ್ಯಾಟರಿಯ ಆಮ್ಲ, ಹಳೆಯ ಎಣ್ಣೆ ಎಲ್ಲಿಗೆ ಹರಿಯಿತೆಂದು ಕೇಳುವವರೂ ಇಲ್ಲ. ನೋಂದಾಯಿತ ಕೇಂದ್ರವು ಠೇವಣಿ ಪ್ರಮಾಣಪತ್ರವನ್ನು ನೀಡುತ್ತದೆ. ಅದನ್ನು ತೋರಿಸಿ ಹೊಸ ವಾಹನ ಕೊಂಡರೆ ಮೋಟಾರು ವಾಹನ ತೆರಿಗೆಯಲ್ಲಿ ಖಾಸಗಿ ವಾಹನಕ್ಕೆ ಶೇಕಡಾ 25ರವರೆಗೆ, ಸಾರಿಗೆ ವಾಹನಕ್ಕೆ ಶೇಕಡಾ 15ರವರೆಗೆ ರಿಯಾಯಿತಿ ನೀಡಲು ಕೇಂದ್ರದ ನಿಯಮಗಳು 2022ರ ಏಪ್ರಿಲ್‌ನಿಂದ ಅವಕಾಶ ಕಲ್ಪಿಸಿವೆ. ರಿಯಾಯಿತಿಯ ಪ್ರಮಾಣವನ್ನು ಆಯಾ ರಾಜ್ಯ ಸರಕಾರ ನಿರ್ಧರಿಸುತ್ತದೆ. ಪ್ರಮಾಣಪತ್ರ ಕೈಸೇರಿದ ಬಳಿಕ ನೋಂದಣಿ ರದ್ದಾದುದನ್ನು ವಾಹನ್ ಜಾಲತಾಣದಲ್ಲಿ ಪರಿಶೀಲಿಸಿಕೊಂಡು, ವಿಮಾ ಕಂಪನಿಗೂ ತಿಳಿಸಿ, ಫಾಸ್ಟ್ಯಾಗ್ ಖಾತೆಯನ್ನು ಮುಚ್ಚಿಸಬೇಕು.